ತೌತಿರಾದ ಮೌನ: ಸ್ಟೀವನ್‌ಸನ್ನನ ಸಮುದ್ರಯಾನದ ಬರಹಗಳಲ್ಲಿ ರೋಗ, ಋಣ ಮತ್ತು ಅತಿಥಿಸತ್ಕಾರ

ಒಂದು ಗ್ರಂಥವನ್ನು ವಿಮರ್ಶಿಸುವಾಗ ಅದರಲ್ಲಿ ಬರೆದಿರುವುದನ್ನು ತೂಗುವುದು ವಾಡಿಕೆ. ಕೆಲವು ಗ್ರಂಥಗಳ ವಿಷಯದಲ್ಲಿ ಬರೆಯದೆ ಬಿಟ್ಟಿರುವುದನ್ನೂ ತೂಗಬೇಕಾಗುತ್ತದೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ನನ 'ಇನ್ ದ ಸೌತ್ ಸೀಸ್' ಅಂಥದೊಂದು ಗ್ರಂಥ. ಅವನ ಮರಣಾನಂತರ 1896ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಮಾರ್ಕೆಸಸ್ ದ್ವೀಪಗಳಿವೆ, ಪೌಮೋತು ಹವಳದ್ವೀಪಗಳಿವೆ, ಗಿಲ್ಬರ್ಟ್ ದ್ವೀಪಗಳ ಅರಸನ ಕಥೆಯಿದೆ. ಆದರೆ 'ಕಾಸ್ಕೊ' ಎಂಬ ಹಾಯಿಹಡಗಿನ ಮೊದಲನೆಯ ಯಾನದಲ್ಲಿ ಅವನ ಕುಟುಂಬವು ಅತಿ ಹೆಚ್ಚು ದಿನ ತಂಗಿದ್ದ ತಾಹಿತಿಗೆ ಅದರಲ್ಲಿ ಒಂದು ಭಾಗವೂ ಮೀಸಲಾಗಿಲ್ಲ. ಅವನು ಮರಣದ ಬಾಗಿಲ ತನಕ ಹೋಗಿ ಹಿಂದಿರುಗಿದ್ದು ಅಲ್ಲಿಯೇ.

ಈ ಲೋಪವು ಕೇವಲ ಸಾಹಿತ್ಯಚರಿತ್ರೆಗೆ ಸಂಬಂಧಿಸಿದ್ದೆಂದು ನಾವು ತಿಳಿಯುವುದಿಲ್ಲ. ರೋಗಿಯಾಗಿ ಪರರ ಕೈಯಲ್ಲಿ ಬಿದ್ದ ಮನುಷ್ಯನು ತಾನು ಪಡೆದದ್ದನ್ನು ಹೇಗೆ ನೆನೆಯುತ್ತಾನೆ, ಯಾವ ಬರಹದಲ್ಲಿ ಅದಕ್ಕೆ ಸ್ಥಳ ಕೊಡುತ್ತಾನೆ, ಯಾವುದರಲ್ಲಿ ಕೊಡುವುದಿಲ್ಲ ಎಂಬುದು ದೈವಶಾಸ್ತ್ರದ ಪ್ರಶ್ನೆಯೂ ಹೌದು. ಸೇವೆ ಮಾಡುವವರ ವಿಷಯವಾಗಿ ನಮ್ಮ ಸಭೆಗಳಲ್ಲಿ ಸಾಕಷ್ಟು ಬೋಧನೆಯಿದೆ. ಸೇವೆಯನ್ನು ಪಡೆಯುವವರ ವಿಷಯವಾಗಿ ಬಹಳ ಕಡಿಮೆ. ಆ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಟೀವನ್‌ಸನ್ ಕುಟುಂಬದ ಬರಹಗಳನ್ನು ಇಲ್ಲಿ ಓದುತ್ತೇವೆ.

ಹಡಗಿನ ಮೇಲಿನ ಕುಟುಂಬ

ಸ್ಟೀವನ್‌ಸನ್ 1850ರಲ್ಲಿ ಎಡಿನ್‌ಬರೋ ನಗರದಲ್ಲಿ ಪ್ರೆಸ್ಬಿಟೇರಿಯನ್ ಕುಟುಂಬವೊಂದರಲ್ಲಿ ಹುಟ್ಟಿದನು. ತಂದೆ ಥಾಮಸ್ ದೀಪಸ್ತಂಭಗಳನ್ನು ಕಟ್ಟಿದ ಎಂಜಿನಿಯರ್. ತಾಯಿ ಮಾರ್ಗರೆಟ್ ಸಭಾಪಾಲಕರ ಮಗಳು. ಯೌವನದಲ್ಲಿಯೇ ಮಗನು ಮನೆತನದ ವಿಶ್ವಾಸವನ್ನು ಒಪ್ಪಲಾರೆನೆಂದು ಹೇಳಿದಾಗ ಆ ಮನೆಯಲ್ಲಿ ಆದ ದುಃಖ ಅವನ ಜೀವನಚರಿತ್ರೆಗಳಲ್ಲೆಲ್ಲ ದಾಖಲಾಗಿದೆ. ಚಿಕ್ಕಂದಿನಿಂದಲೂ ಶ್ವಾಸಕೋಶದ ವ್ಯಾಧಿ, ಆಗಾಗ್ಗೆ ಬಾಯಿಯಿಂದ ರಕ್ತಸ್ರಾವ. 1887ರಲ್ಲಿ ತಂದೆ ತೀರಿಕೊಂಡ ಬಳಿಕ ಕುಟುಂಬವು ಅಮೆರಿಕಕ್ಕೆ ತೆರಳಿ, ಕ್ಷಯರೋಗದ ಚಿಕಿತ್ಸೆಗೆ ಹೆಸರಾಗಿದ್ದ ಡಾಕ್ಟರ್ ಟ್ರೂಡೊ ಅವರ ಊರಾದ ಸಾರನಾಕ್ ಸರೋವರದ ಬಳಿ ಚಳಿಗಾಲವನ್ನು ಕಳೆಯಿತು.

ಮುಂದಿನ ವರ್ಷ ಅವನ ಪತ್ನಿ ಫ್ಯಾನಿ ಸಾನ್ ಫ್ರಾನ್ಸಿಸ್ಕೋದಲ್ಲಿ 'ಕಾಸ್ಕೊ' ಎಂಬ ಹಾಯಿಹಡಗನ್ನು ಹುಡುಕಿದಳು. ಅದರ ಒಡೆಯನು ಓಕ್‌ಲೆಂಡಿನ ಡಾಕ್ಟರ್ ಮೆರಿಟ್. ಬಾಡಿಗೆ ತಿಂಗಳಿಗೆ 500 ಡಾಲರ್. ತಂದೆಯಿಂದ ಬಂದ ಹಣದಲ್ಲಿ 2000 ಪೌಂಡುಗಳನ್ನು ಸ್ಟೀವನ್‌ಸನ್ ಈ ಯಾನಕ್ಕಾಗಿ ಪಣವಾಗಿಟ್ಟನು. ಆರೋಗ್ಯ ಮರಳಿದರೆ ಗೆಲುವು. ಇಲ್ಲವಾದರೆ ಇನ್ನು ಮರಳುವುದೇ ಇಲ್ಲವೆಂದು ತಿಳಿದಂತಾಗುವುದು ಎಂಬುದು ಅವನ ಲೆಕ್ಕ. 1888ರ ಜೂನ್ 28ರಂದು ಹಡಗು ಹೊರಟಿತು. ಅದರಲ್ಲಿ ರೋಗಿಯಾದ ಲೇಖಕ, ಸಮುದ್ರವನ್ನು ಕಂಡರೆ ಆಗದೆ ದಾರಿಯುದ್ದಕ್ಕೂ ಹೊಟ್ಟೆ ತೊಳಸಿಕೊಳ್ಳುತ್ತಿದ್ದ ಫ್ಯಾನಿ, ಆಕೆಯ ಮೊದಲ ಮದುವೆಯ ಮಗ ಲಾಯ್ಡ್ ಆಸ್ಬರ್ನ್, ವಿಧವೆಯ ಬಿಳಿಯ ಕುಲಾವಿ ತೊಟ್ಟ ಐವತ್ತೊಂಬತ್ತು ವರ್ಷದ ತಾಯಿ, ಮನೆಗೆಲಸದ ವ್ಯಾಲೆಂಟೀನ್ ರೋಷ್, ನಾವಿಕನಾಗಿ ಕ್ಯಾಪ್ಟನ್ ಓಟಿಸ್. ಸುಮಾರು ತೊಂಬತ್ತೈದು ಅಡಿ ಉದ್ದದ ಆ ನೌಕೆ ಏಳು ತಿಂಗಳ ಮಟ್ಟಿಗೆ ಒಂದು ಮನೆಯಾಯಿತು. ಅದು ಒಬ್ಬ ರೋಗಿಯ ಸುತ್ತ ಕಟ್ಟಿದ ಮನೆ. ಅಲ್ಲಿದ್ದವರೆಲ್ಲರೂ ಅವನ ಉಸಿರನ್ನು ಆಲಿಸುತ್ತ ಬದುಕಿದರು.

ಜುಲೈ ಕೊನೆಗೆ ಮಾರ್ಕೆಸಸ್‌ನ ನುಕು ಹಿವಾ ದ್ವೀಪ ಕಂಡಿತು. ಸ್ಟೀವನ್‌ಸನ್ ಬಹುಕಾಲದ ಮೇಲೆ ದಡದಲ್ಲಿ ಓಡಾಡಿದನು, ಸಮುದ್ರಸ್ನಾನ ಮಾಡಿದನು, ಊರವರೊಂದಿಗೆ ಮಾತಾಡಿ ಟಿಪ್ಪಣಿ ಬರೆದುಕೊಂಡನು. ಪಣ ಗೆದ್ದಂತೆಯೇ ತೋರಿತು. ಮುಂದೆ ಫಕರಾವ ದ್ವೀಪದಲ್ಲಿ ತಗಲಿದ ನೆಗಡಿಯು ತಾಹಿತಿಯ ಪಪೀಟೆಗೆ ಬರುವಷ್ಟರಲ್ಲಿ ಎದೆಗಿಳಿಯಿತು. ಮತ್ತೆ ರಕ್ತಸ್ರಾವ, ಮತ್ತೆ ಜ್ವರ. ಹಡಗಿನ ಬದುಕು ಅಲ್ಲಿಗೆ ನಿಂತಿತು.

ತೌತಿರಾ

ಪಪೀಟೆಯ ಹವೆ ಒಗ್ಗದೆ, ಹಡಗು ದ್ವೀಪದ ಇನ್ನೊಂದು ಪಕ್ಕಕ್ಕೆ ಸಾಗಿತು. ಅಲ್ಲಿಂದ ಫ್ಯಾನಿ ಕುದುರೆಬಂಡಿಯೊಂದನ್ನು ಬಾಡಿಗೆಗೆ ಪಡೆದು, ಹಳ್ಳತೊರೆಗಳನ್ನು ದಾಟಿಸುತ್ತ, ಅರೆಪ್ರಜ್ಞೆಯಲ್ಲಿದ್ದ ಗಂಡನನ್ನು ತೌತಿರಾ ಎಂಬ ಹಳ್ಳಿಗೆ ತಂದಳು. ಅಲ್ಲಿ ಅವರಿಗೆ ಪರಿಚಿತರು ಯಾರೂ ಇರಲಿಲ್ಲ. ಅವನು ಬಾಡಿಗೆಯ ಮನೆಯಲ್ಲಿ ಅಲುಗಾಡದೆ ಮಲಗಿದ್ದಾಗ ರಾಯಾತೆಯಾ ದ್ವೀಪದ ಮಾಜಿ ರಾಣಿ ಮೊಯೆ ಅವನನ್ನು ನೋಡಲು ಬಂದಳು. ತೆಂಗಿನಕಾಯಿ, ನಿಂಬೆರಸ, ಮೆಣಸು ಬೆರೆಸಿದ ಹಸಿ ಮೀನನ್ನು ಉಣಿಸಿದಳು. ಅನ್ನವನ್ನೇ ಮುಟ್ಟದಿದ್ದ ರೋಗಿ ಅದನ್ನು ತಿಂದನು, ತಿಂದು ಚೇತರಿಸಿಕೊಳ್ಳತೊಡಗಿದನು. ಬಳಿಕ ಕುಟುಂಬವೆಲ್ಲವೂ ಆ ಊರಿನ ಉಪನಾಯಕನಾದ ಓರಿ-ಆ-ಓರಿಯ ಮನೆಗೆ ಬಂದಿತು. ಆರಡಿ ಮೀರಿದ ಎತ್ತರದ ಆ ಮನುಷ್ಯನೂ ರೋಗಿಯೂ ದ್ವೀಪದ ಹಳೆಯ ಪದ್ಧತಿಯಂತೆ ಹೆಸರನ್ನು ಅದಲುಬದಲು ಮಾಡಿಕೊಂಡು ಸಹೋದರರಾದರು. ಓರಿ 'ರೂಯಿ' ಆದನು, ಏಕೆಂದರೆ ತಾಹಿತಿ ಭಾಷೆಯಲ್ಲಿ ಲಕಾರವಿಲ್ಲ. ಲೂಯಿ 'ತೆರೀತೆರಾ' ಆದನು.

ಇಷ್ಟರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಹಡಗಿನ ಎರಡೂ ಪಟಸ್ತಂಭಗಳು ಒಳಗೊಳಗೇ ಒಣಕೊಳೆತದಿಂದ ಟೊಳ್ಳಾಗಿದ್ದವು. ಸಮುದ್ರದ ಮಧ್ಯದಲ್ಲಿ ಒಂದು ಬಿರುಗಾಳಿ ಬೀಸಿದ್ದರೆ ಇಡೀ ಕುಟುಂಬವೇ ಮುಳುಗುತ್ತಿತ್ತು. ಒಬ್ಬನ ರೋಗದ ದೆಸೆಯಿಂದ ನಿಂತ ಯಾನವು ಹಡಗಿನ ರೋಗವನ್ನು ಬಯಲುಮಾಡಿಕೊಳ್ಳಲು ಕಾಲಾವಕಾಶ ಒದಗಿಸಿತು. ಇದನ್ನು ದೈವಸಂಕಲ್ಪವೆಂದು ಬೋಧಿಸುವುದು ಸುಲಭ. ಆ ಆತುರ ನಮಗೆ ಬೇಡ. ರಕ್ತ ಕಾರುತ್ತ ಮಲಗಿದ್ದವನ ಯಾತನೆಯನ್ನು ಉಳಿದವರ ಉಳಿವಿಗೆ ಉಪಕರಣವೆಂದು ಲೆಕ್ಕ ಹಾಕುವುದು ನಮ್ಮ ಕೆಲಸವಲ್ಲ. ಹಡಗು ದುರಸ್ತಿಗಾಗಿ ಪಪೀಟೆಗೆ ಹೋಯಿತು, ವಾರಗಳು ಕಳೆದವು, ತಂದಿದ್ದ ದಿನಸಿ ಮುಗಿಯಿತು ಎಂದಷ್ಟೇ ಹೇಳಿ ಮುಂದೆ ಹೋಗೋಣ.

ದಿನಸಿ ಮುಗಿದ ಆ ದಿನ ನಡೆದುದನ್ನು ಫ್ಯಾನಿ 1888ರ ಡಿಸೆಂಬರ್ 4ರಂದು ಸಿಡ್ನಿ ಕಾಲ್ವಿನ್ ಎಂಬ ಮಿತ್ರನಿಗೆ ಬರೆದ ಪತ್ರದಲ್ಲಿ ದಾಖಲಿಸಿದ್ದಾಳೆ. ಓರಿಯು ತನ್ನ ಸಹೋದರನಿಗೆ ಹೇಳಿದ ಮಾತಿನ ಸಾರಾಂಶ ಇದು: ನನ್ನದೆಲ್ಲವೂ ನಿನ್ನದು, ನಿಮ್ಮ ಆಹಾರ ಮುಗಿದಿದೆ ಎಂಬುದು ನನಗೆ ಗೊತ್ತು, ನಮ್ಮಲ್ಲಿ ಮೀನು ಇದೆ, ಗೆಡ್ಡೆ ಇದೆ, ಹಡಗು ಬರುವ ತನಕ ಇಲ್ಲಿಯೇ ಇರಿ, ಅಳಬೇಡಿ. ಸ್ಟೀವನ್‌ಸನ್ ಮುಖವನ್ನು ಕೈಗಳಲ್ಲಿ ಹುದುಗಿಸಿ ಅತ್ತನು. ಆಮೇಲೆ ಅವರೆಲ್ಲರೂ ಓರಿಯ ಕೈಹಿಡಿದು ಅವನ ಆತಿಥ್ಯವನ್ನು ಸ್ವೀಕರಿಸಿದರು. ಓರಿಯು ತಾನೇ ದೋಣಿಯಲ್ಲಿ ಪಪೀಟೆಗೆ ಹೋಗಿ ಬೇಕಾದ ಸಾಮಾನುಗಳನ್ನೂ ತಂದನು. 1888ರ ಕ್ರಿಸ್ಮಸ್ ದಿನದಂದು ಕಾಸ್ಕೊ ತೌತಿರಾದಿಂದ ಹೊರಟಿತು.

ಎರಡು ವಿಧದ ಬರಹ

ಹೀಗೆ ಈ ಕಥೆ ನಮಗೆ ಗೊತ್ತಾಗುವುದು ಪತ್ರಗಳಿಂದ. ಫ್ಯಾನಿಯ ಪತ್ರವನ್ನು ಹೇಳಿದ್ದಾಯಿತು. ತಾಯಿಯು ತನ್ನ ಅಕ್ಕನಿಗೆ ಬರೆದ ಪತ್ರಗಳು 1903ರಲ್ಲಿ 'ಫ್ರಮ್ ಸಾರನಾಕ್ ಟು ದ ಮಾರ್ಕೆಸಸ್ ಅಂಡ್ ಬಿಯಾಂಡ್' ಎಂಬ ಹೆಸರಿನಲ್ಲಿ ಪ್ರಕಟವಾದವು. ಸ್ಟೀವನ್‌ಸನ್ನನೇ ಮಿತ್ರರಿಗೆ ಬರೆದ ಪತ್ರಗಳಲ್ಲಿ ಓರಿಯ ಹೆಸರು ಪ್ರೀತಿಯಿಂದ ಬರುತ್ತದೆ. ಅಗಲಿಕೆಯ ಬಳಿಕ ಓರಿ ಬರೆದ ಪತ್ರವೊಂದು ಅವನ ಕೈಸೇರಿದಾಗ, ಸ್ಕಾಟನ 'ರೆಡ್‌ಗಾಂಟ್ಲೆಟ್' ಅಥವಾ ವರ್ಜಿಲನ ಮಹಾಕಾವ್ಯದ ಆರನೆಯ ಕಾಂಡವನ್ನು ಬರೆದ ಕೀರ್ತಿಗಿಂತ ಇಂಥ ಪತ್ರಕ್ಕೆ ಪಾತ್ರನಾಗುವುದೇ ತನಗೆ ಹೆಚ್ಚೆಂದು ಅವನು ಹೇಳಿಕೊಂಡನು. ತೌತಿರಾದ ಪುರಾತನ ಕಥೆಯೊಂದನ್ನು ಆಧರಿಸಿದ 'ದ ಸಾಂಗ್ ಆಫ್ ರಾಹೇರೋ' ಎಂಬ ಕಥನಕವನವನ್ನು ಓರಿಗೇ ಅರ್ಪಿಸಿದನು. ಆದ್ದರಿಂದ ಸ್ಟೀವನ್‌ಸನ್ ಕೃತಘ್ನನೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅನ್ಯಾಯ.

ನಮ್ಮ ಆಕ್ಷೇಪ ಬೇರೆ. ಅವನ ಋಣವೆಲ್ಲ ಪತ್ರಗಳಲ್ಲಿಯೂ ಪದ್ಯದ ಅರ್ಪಣೆಯಲ್ಲಿಯೂ ಉಳಿಯಿತು. ದ್ವೀಪಗಳ ವಿಷಯದಲ್ಲಿ ಲೋಕಕ್ಕೆ ತಿಳಿವಳಿಕೆ ಕೊಡಬೇಕೆಂದು ಅವನು ಬರೆದ ಗದ್ಯದೊಳಗೆ ಅದು ಪ್ರವೇಶಿಸಲಿಲ್ಲ. 1889ರ ಮೇ ತಿಂಗಳಲ್ಲಿ ಫ್ಯಾನಿ ಕಾಲ್ವಿನನಿಗೆ ಬರೆದ ಇನ್ನೊಂದು ಪತ್ರದಲ್ಲಿ ಈ ವಿಷಯವಾಗಿ ದೂರಿಕೊಂಡಿದ್ದಾಳೆ. ಯಾರಿಗೂ ದೊರೆಯದಂಥ ಸಾಮಗ್ರಿ ತನ್ನ ಗಂಡನ ಕೈಯಲ್ಲಿದೆ. ಅವನಾದರೋ ಅದನ್ನು ವೈಜ್ಞಾನಿಕವೂ ಚಾರಿತ್ರಿಕವೂ ವ್ಯಕ್ತಿನಿರಪೇಕ್ಷವೂ ಆದ ಗ್ರಂಥವಾಗಿಸಲು ಹೊರಟಿದ್ದಾನೆ ಎಂಬುದು ಆಕೆಯ ಅಳಲು. ವಿಮರ್ಶಕರು ಬಹುಕಾಲ ಈ ಮಾತನ್ನು ಮಾರುಕಟ್ಟೆಯ ಚಿಂತೆಯೆಂದು ಓದಿದ್ದಾರೆ. ಆದರೆ ಅವಳು ಗುರುತಿಸಿದ್ದು ಅದಕ್ಕಿಂತ ಆಳವಾದದ್ದು. ಗಂಡನು ಏನನ್ನು ನೋಡಿದನೆಂಬುದನ್ನು ಬರೆಯುತ್ತಿದ್ದನು; ಅವನಿಗೆ ಏನಾಯಿತೆಂಬುದನ್ನು ಬರೆಯುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಎರಡು ಸಮಾಧಾನಗಳನ್ನು ಹೇಳಬಹುದು. ಮೊದಲನೆಯದು, ಗ್ರಂಥವು ಅಪೂರ್ಣ. ಲೇಖಕನು 1894ರ ಡಿಸೆಂಬರ್‌ನಲ್ಲಿ ಸಮೋವಾದಲ್ಲಿ ತೀರಿಕೊಂಡನು. ಇದು ನಿಜ. ಎರಡನೆಯದು, ತನ್ನ ರೋಗವನ್ನು ಪ್ರದರ್ಶಿಸಲೊಲ್ಲದ ಸಂಕೋಚ. ಇದೂ ಮರ್ಯಾದೆಯ ಗುಣವೇ. ಆದರೆ ಅದೇ ಗ್ರಂಥದ ಮೊದಲ ಸಾಲುಗಳಲ್ಲಿ ಅವನು ತನ್ನ ಹತ್ತು ವರ್ಷಗಳ ಅನಾರೋಗ್ಯವನ್ನೂ ಇನ್ನು ದಾದಿಯನ್ನೂ ಶವಸಂಸ್ಕಾರದವನನ್ನೂ ಬಿಟ್ಟು ಬೇರಾರನ್ನೂ ನಿರೀಕ್ಷಿಸದಿದ್ದ ಸ್ಥಿತಿಯನ್ನೂ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ರೋಗದಿಂದ ಹೊರಟದ್ದು ಗ್ರಂಥದಲ್ಲಿದೆ. ದಾರಿಯಲ್ಲಿ ರೋಗಿಯಾಗಿ ಬಿದ್ದದ್ದೂ ಎತ್ತಲ್ಪಟ್ಟದ್ದೂ ಇಲ್ಲ.

ಹಾಪಾ ಕಣಿವೆ

ಈ ಮೌನದ ಭಾರವು ತಿಳಿಯಬೇಕಾದರೆ ಅದೇ ಗ್ರಂಥದ 'ಜನಕ್ಷಯ' ಕುರಿತ ಅಧ್ಯಾಯವನ್ನು ಓದಬೇಕು. ಅದು ಕೃತಿಯ ಅತ್ಯುತ್ತಮ ಭಾಗಗಳಲ್ಲೊಂದು. ಹೊರಗಿನವರ ಹಡಗುಗಳೊಂದಿಗೆ ಬಂದ ವ್ಯಾಧಿಗಳು ದ್ವೀಪಗಳನ್ನು ಹೇಗೆ ಬರಿದುಮಾಡಿದವು ಎಂಬುದನ್ನು ಸ್ಟೀವನ್‌ಸನ್ ಅಲ್ಲಿ ಮರುಕದಿಂದಲೂ ವಿವೇಚನೆಯಿಂದಲೂ ಬರೆದಿದ್ದಾನೆ. ಹಾಪಾ ಎಂಬ ಕುಲದಲ್ಲಿ ಸುಮಾರು 400 ಮಂದಿ ಇದ್ದರಂತೆ. ಸಿಡುಬು ಬಂದು ಕಾಲುಭಾಗವನ್ನು ಒಯ್ದಿತು. ಆರು ತಿಂಗಳ ಮೇಲೆ ಒಬ್ಬ ಸ್ತ್ರೀಗೆ ಕ್ಷಯರೋಗ ಕಾಣಿಸಿಕೊಂಡಿತು. ಒಂದು ವರ್ಷ ತುಂಬುವುದರೊಳಗೆ ಉಳಿದವರು ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಅವರೂ ಆ ಕಣಿವೆಯನ್ನು ಬಿಟ್ಟು ಓಡಿದರು.

ಇದನ್ನು ಬರೆದವನು ಸ್ವತಃ ಕ್ಷಯರೋಗಿಯೆಂದು ಅಂದು ಎಲ್ಲರೂ ಭಾವಿಸಿದ್ದರು. ಅವನ ರೋಗ ಬೇರೆಯದಾಗಿರಬಹುದೆಂದು ಈಚಿನ ವೈದ್ಯರು ಕೆಲವರು ಊಹಿಸಿದ್ದಾರೆ. ಆದರೆ ಅಂದಿನ ತಿಳಿವಳಿಕೆ ಹಾಗಿತ್ತು, ಆ ರೋಗವು ಅಂಟುವಂಥದೆಂದು ಕಾಕ್ 1882ರಲ್ಲಿಯೇ ತೋರಿಸಿಕೊಟ್ಟಿದ್ದನು. ಹೀಗಿರುವಾಗ, ಕ್ಷಯದಿಂದ ಕಣಿವೆಯೊಂದು ಬರಿದಾದುದನ್ನು ಬಲ್ಲ ಮನುಷ್ಯನು, ಕ್ಷಯವೆಂದು ತಾನೇ ನಂಬಿದ್ದ ವ್ಯಾಧಿಯೊಡನೆ ಇನ್ನೊಂದು ದ್ವೀಪದ ಮನೆಯಲ್ಲಿ ಮಲಗಿದನು. ಆ ಮನೆಯವರು ಅವನಿಗೆ ಕೈಯಾರೆ ಉಣಿಸಿದರು. ಆ ಆತಿಥ್ಯದ ಬೆಲೆ ಏನಾಗಿರಬಹುದಿತ್ತು? ಆತಿಥೇಯರಿಗೆ ಅದರ ಅರಿವು ಎಷ್ಟಿತ್ತು? ಗ್ರಂಥವು ಈ ಪ್ರಶ್ನೆಯನ್ನು ಕೇಳುವುದಿಲ್ಲ, ಕೇಳಲಾರದು. ಏಕೆಂದರೆ ಗ್ರಂಥದಲ್ಲಿ ರೋಗಿಯು ಯಾವಾಗಲೂ ದ್ವೀಪದವನು. ಲೇಖಕನು ಯಾವಾಗಲೂ ಸಾಕ್ಷಿ. ಬದುಕಿನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು.

ಸ್ಟೀವನ್‌ಸನ್ನನನ್ನು ಕೆಟ್ಟವನೆಂದು ತೋರಿಸಲು ನಾವು ಇದನ್ನು ಹೇಳುತ್ತಿಲ್ಲ. ಅವನ ಕಾಲದ ಯಾತ್ರಿಕರಲ್ಲಿ ಅವನಷ್ಟು ನ್ಯಾಯದೃಷ್ಟಿಯವರು ವಿರಳ. ಅಂಥವನ ಕೈಯಲ್ಲಿಯೂ ಮರುಕದ ಬರಹವು ಋಣದ ಬರಹವಾಗಲಿಲ್ಲ ಎಂಬುದೇ ನಾವು ಗಮನಿಸಬೇಕಾದ ಸಂಗತಿ. ಮರುಕ ಪಡುವವನು ನಿಂತಿರುತ್ತಾನೆ. ಋಣಿಯಾದವನು ಮಲಗಿದ್ದು ಎದ್ದವನು.

ಲೂಕನ 'ನಾವು'

ಈಗ ಇನ್ನೊಂದು ಸಮುದ್ರಯಾನದ ಬರಹವನ್ನು ಇದರ ಪಕ್ಕದಲ್ಲಿಡುತ್ತೇವೆ. ಅಪೊಸ್ತಲರ ಕೃತ್ಯಗಳ ಇಪ್ಪತ್ತೇಳನೆಯ, ಇಪ್ಪತ್ತೆಂಟನೆಯ ಅಧ್ಯಾಯಗಳಲ್ಲಿ 276 ಮಂದಿಯನ್ನು ಹೊತ್ತ ಹಡಗು ಒಡೆದು, ಎಲ್ಲರೂ ಮೆಲೀತೆ ದ್ವೀಪದ ದಡ ಸೇರುತ್ತಾರೆ. ಅಲ್ಲಿಯವರನ್ನು ಲೂಕನು 'ಬಾರ್ಬರೊಯ್' ಎನ್ನುತ್ತಾನೆ. ಅಂದರೆ ಗ್ರೀಕ್ ಮಾತಾಡದವರು, ನಾಗರಿಕ ಲೋಕದ ಹೊರಗಿನವರು. ಆದರೆ ಮರುಕ್ಷಣವೇ ಅವರ ವಿಷಯದಲ್ಲಿ ಅವನು ಬಳಸುವ ಪದ 'ಫಿಲಾಂತ್ರೊಪಿಯಾ', ಮನುಷ್ಯಪ್ರೀತಿ. ಮಳೆ ಚಳಿಗಳಲ್ಲಿ ನಡುಗುತ್ತಿದ್ದವರಿಗೆ ಬೆಂಕಿ ಹೊತ್ತಿಸಿ ಅವರು ಎಲ್ಲರನ್ನೂ ಸೇರಿಸಿಕೊಂಡರು.

ಈ ನಾಮಪದವು ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಾರಿ. ಇನ್ನೊಂದು ಸ್ಥಳ ತೀತನಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯ. ಅಲ್ಲಿ ಅದು ರಕ್ಷಕನಾದ ದೇವರ ಪ್ರೀತಿಗೆ ಸಲ್ಲುತ್ತದೆ. ದೇವರ ಕೃಪೆ ಪ್ರತ್ಯಕ್ಷವಾದುದನ್ನು ಹೇಳಲು ಬಳಸಿದ ಪದವನ್ನೇ, ಸುವಾರ್ತೆಯನ್ನು ಇನ್ನೂ ಕೇಳದ ದ್ವೀಪವಾಸಿಗಳು ಹೊತ್ತಿಸಿದ ಬೆಂಕಿಗೂ ಪವಿತ್ರಗ್ರಂಥವು ಬಳಸಿದೆ. ಇದರ ಅರ್ಥವನ್ನು ಹಿಗ್ಗಿಸಬೇಕಾಗಿಲ್ಲ, ಕುಗ್ಗಿಸಲೂಬಾರದು.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಲೂಕನ ಸರ್ವನಾಮ. ಈ ಅಧ್ಯಾಯಗಳ ಕಥನವು 'ನಾವು' ಎಂಬುದರಲ್ಲಿ ನಡೆಯುತ್ತದೆ. ಅವರು ನಮ್ಮನ್ನು ಸೇರಿಸಿಕೊಂಡರು. ದ್ವೀಪದ ಮುಖ್ಯನಾದ ಪೊಪ್ಲಿಯನು ನಮ್ಮನ್ನು ಮೂರು ದಿನ ಉಪಚರಿಸಿದನು. ಹೊರಡುವಾಗ ನಮಗೆ ಬೇಕಾದುದನ್ನು ಹಡಗಿಗೆ ತುಂಬಿದರು. ನಡುವೆ ಪೌಲನು ಪೊಪ್ಲಿಯನ ತಂದೆಯ ಜ್ವರವನ್ನೂ ಆಮಶಂಕೆಯನ್ನೂ ಪ್ರಾರ್ಥಿಸಿ ವಾಸಿಮಾಡುತ್ತಾನೆ. ಕೊಡುವುದೂ ಪಡೆಯುವುದೂ ಒಂದೇ ಕಥೆಯಲ್ಲಿವೆ, ಮತ್ತು ಪಡೆದದ್ದು ಮೊದಲು ಬರುತ್ತದೆ. ಅಪೊಸ್ತಲನು ಗುಣಪಡಿಸಿದ್ದನ್ನು ಮಾತ್ರ ಬರೆದು ಬೆಂಕಿಯನ್ನು ಬಿಟ್ಟುಬಿಡಬಹುದಾಗಿತ್ತು. ಮಿಶನ್ ವರದಿಗಳನ್ನು ಓದಿ ಅಭ್ಯಾಸವಿರುವ ನಮಗೆ ಆ ಬಗೆಯ ಬರಹ ಅಪರಿಚಿತವೇನಲ್ಲ. ಲೂಕನು ಬಿಡಲಿಲ್ಲ.

ಪೌಲನೂ ಬಿಡಲಿಲ್ಲ. ಗಲಾತ್ಯದವರಿಗೆ ಬರೆಯುತ್ತ, ತಾನು ಮೊದಲು ಅವರಲ್ಲಿ ಸುವಾರ್ತೆ ಸಾರಿದ್ದು ಶರೀರದ ಅಸ್ವಸ್ಥತೆಯ ನಿಮಿತ್ತವೇ ಎಂದು ನೆನಪಿಸುತ್ತಾನೆ. ಆ ಅಸ್ವಸ್ಥತೆ ಅವರಿಗೆ ಶೋಧನೆಯಾಗಿದ್ದರೂ ಅವರು ಅಸಹ್ಯಪಡದೆ ತನ್ನನ್ನು ದೇವದೂತನಂತೆ ಸೇರಿಸಿಕೊಂಡರೆಂದು ಒಪ್ಪಿಕೊಳ್ಳುತ್ತಾನೆ. ತರ್ಕವೇ ಪ್ರಧಾನವಾದ ಆ ಪತ್ರಿಕೆಯ ನಡುವೆ, ಧರ್ಮಶಾಸ್ತ್ರ ಮತ್ತು ವಿಶ್ವಾಸದ ವಾಗ್ವಾದದ ಒಳಗೇ, ರೋಗಿಯ ಋಣಪತ್ರ ಸೇರಿಕೊಂಡಿದೆ. ಬೋಧನೆಗೊಂದು ಪತ್ರ, ಕೃತಜ್ಞತೆಗೊಂದು ಪತ್ರ ಎಂದು ಅವನು ವಿಭಾಗಿಸಲಿಲ್ಲ. ಸ್ಟೀವನ್‌ಸನ್ ವಿಭಾಗಿಸಿದನು. ಇದೇ ನಮ್ಮ ವಿಮರ್ಶೆಯ ತಿರುಳು.

ಮೊಲೊಕಾಯಿಯ ಪತ್ರ

ತೌತಿರಾದಿಂದ ಹೊರಟ ಹಡಗು 1889ರ ಜನವರಿಯಲ್ಲಿ ಹೊನೊಲುಲು ತಲಪಿತು; ಅಲ್ಲಿ ಅದನ್ನು ಬಿಟ್ಟುಕೊಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಸ್ಟೀವನ್‌ಸನ್ ಮೊಲೊಕಾಯಿ ದ್ವೀಪದ ಕಲಾವುಪಾಪಾದಲ್ಲಿ ಕುಷ್ಠರೋಗಿಗಳ ನಡುವೆ ಒಂದು ವಾರ ಕಳೆದನು. ಫಾದರ್ ದಾಮಿಯೆನ್ ಏಪ್ರಿಲ್ 15ರಂದು ಅಲ್ಲಿಯೇ ಅದೇ ರೋಗದಿಂದ ತೀರಿಕೊಂಡಿದ್ದರು. ಸ್ಟೀವನ್‌ಸನ್ ಕೈಗವಸು ತೊಡದೆ ಅಲ್ಲಿನ ಹುಡುಗಿಯರೊಂದಿಗೆ ಕ್ರೋಕೆ ಆಡಿದನು. ತೌತಿರಾದಲ್ಲಿ ಅಂಜದೆ ತನ್ನನ್ನು ಮುಟ್ಟಿದ ಕೈಗಳ ನೆನಪು ಅವನ ಕೈಯನ್ನು ನಡೆಸಿತೆಂದು ಸಾಧಿಸಲು ನಮ್ಮಲ್ಲಿ ಆಧಾರವಿಲ್ಲ. ಆದರೆ ಎರಡು ಘಟನೆಗಳ ನಡುವೆ ಕಳೆದದ್ದು ಆರು ತಿಂಗಳಿಗಿಂತ ಕಡಿಮೆ.

ಹೊನೊಲುಲುವಿನ ಕಾಂಗ್ರಿಗೇಶನಲ್ ಸಭಾಪಾಲಕರಾದ ಡಾಕ್ಟರ್ ಹೈಡ್ ಅವರು ಮೃತ ಪಾದ್ರಿಯನ್ನು ಕೊಳಕನೆಂದೂ ಹಟಮಾರಿಯೆಂದೂ ಹಳಿದು ಖಾಸಗಿಯಾಗಿ ಬರೆದ ಪತ್ರವು ಸಿಡ್ನಿಯ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ, ಸ್ಟೀವನ್‌ಸನ್ 1890ರ ಫೆಬ್ರವರಿಯಲ್ಲಿ ಪ್ರಸಿದ್ಧವಾದ ಬಹಿರಂಗ ಪತ್ರವನ್ನು ಬರೆದನು. ಪ್ರೊಟೆಸ್ಟಂಟ್ ಮನೆತನದವನೊಬ್ಬನು ಕಥೋಲಿಕ ಪಾದ್ರಿಯ ಪರವಾಗಿ ಪ್ರೊಟೆಸ್ಟಂಟ್ ಪಾಲಕನೊಬ್ಬನನ್ನು ಖಂಡಿಸಿದ ಆ ಪತ್ರಕ್ಕೆ ಸಭೆಗಳ ಐಕ್ಯದ ಚರಿತ್ರೆಯಲ್ಲಿ ಸ್ಥಾನವಿದೆ. ದಾಮಿಯೆನ್‌ರ ದೋಷಗಳನ್ನು ಮುಚ್ಚದೆ, ಆ ದೋಷಗಳೊಡನೆಯೇ ಅವರ ಪರಿಶುದ್ಧತೆಯನ್ನು ಕಂಡದ್ದು ಅದರ ದೊಡ್ಡ ಗುಣ. ರೋಮಿನ ಸಭೆಯು 2009ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ಆದರೂ ತೌತಿರಾದ ಮೌನವನ್ನು ಕೇಳಿದ ಕಿವಿಗೆ ಈ ಪತ್ರದಲ್ಲಿಯೂ ಒಂದು ಕೊರತೆ ಕೇಳಿಸುತ್ತದೆ. ಅಲ್ಲಿ ಇಬ್ಬರು ಯುರೋಪ್ ಮೂಲದ ಸೇವಕರು ಎದುರುಬದುರು ನಿಂತಿದ್ದಾರೆ, ಒಬ್ಬರು ಹೋದವರು, ಇನ್ನೊಬ್ಬರು ಹೋಗದವರು. ರೋಗಿಗಳು ಅವರ ಹಿಂದಿನ ಭೀಕರವಾದ ಪರದೆಯಾಗಿ ಉಳಿಯುತ್ತಾರೆ. ದಾಮಿಯೆನ್‌ರಿಗೆ ಆ ರೋಗಿಗಳು ಏನು ಕೊಟ್ಟರು ಎಂಬ ಪ್ರಶ್ನೆ ಏಳುವುದಿಲ್ಲ. ದಾಮಿಯೆನ್‌ರು ತಮಗೆ ರೋಗ ತಗಲುವ ಬಹಳ ಮೊದಲೇ ಪ್ರಸಂಗದಲ್ಲಿ 'ನಾವು ಕುಷ್ಠರೋಗಿಗಳು' ಎನ್ನುತ್ತಿದ್ದರೆಂಬುದು ಅವರ ಪತ್ರಗಳಿಂದ ತಿಳಿದ ವಿಷಯ. ಲೂಕನ ಸರ್ವನಾಮ ಅವರಿಗೆ ದೊರೆತಿತ್ತು. ಅವರನ್ನು ಸಮರ್ಥಿಸಿದವನ ಪತ್ರಕ್ಕೆ ಅದು ದೊರೆಯಲಿಲ್ಲ. ಡಾಕ್ಟರ್ ಹೈಡ್ ಅವರನ್ನು ಹಾಗೆ ಘಾಸಿಗೊಳಿಸಿದ್ದು ಕ್ರೂರವಾಯಿತೆಂದು ಸ್ಟೀವನ್‌ಸನ್ ತಾನೇ ಮುಂದೆ ಒಂದು ಪತ್ರದಲ್ಲಿ ಒಪ್ಪಿಕೊಂಡನು ಎಂಬುದನ್ನು ಇಲ್ಲಿ ನ್ಯಾಯಕ್ಕಾಗಿ ಹೇಳಬೇಕು.

ಬೆಳ್ಳಿಯ ಪಾತ್ರೆಗಳು

ಕುಟುಂಬದಲ್ಲಿ ಈ ಋಣವನ್ನು ಹೆಚ್ಚು ಸರಿಯಾಗಿ ಅರ್ಥಮಾಡಿಕೊಂಡವಳು ತಾಯಿ ಎಂದು ನಮಗೆ ತೋರುತ್ತದೆ. ಮಾರ್ಗರೆಟ್ ಸ್ಟೀವನ್‌ಸನ್ ತೌತಿರಾದ ಪ್ರೊಟೆಸ್ಟಂಟ್ ಸಭೆಗೆ ಕರ್ತನ ಭೋಜನದ ಬೆಳ್ಳಿಯ ಪಾತ್ರೆಗಳನ್ನು ಕಾಣಿಕೆಯಾಗಿ ಕಳುಹಿಸಿದಳು. ಲಂಡನ್ ಮಿಶನರಿ ಸೊಸೈಟಿಯ 'ಡಫ್' ಎಂಬ ಹಡಗು 1797ರಲ್ಲಿ ತಾಹಿತಿಗೆ ಬಂದಿತ್ತು. ಆದ್ದರಿಂದ ಆಕೆಯ ಆತಿಥೇಯರು ಕೆಲವು ತಲೆಮಾರುಗಳಿಂದ ಕ್ರೈಸ್ತರಾಗಿದ್ದ ಊರಿನವರು. ಅವರ ಅತಿಥಿಸತ್ಕಾರವೆಲ್ಲ ಸುವಾರ್ತೆಯ ಫಲವೆಂದು ಹೇಳಿಬಿಡುವುದು ಸರಿಯಲ್ಲ. ಹೆಸರು ಬದಲಾಯಿಸಿ ಸಹೋದರರಾಗುವ ಪದ್ಧತಿ ಮಿಶನರಿಗಳಿಗಿಂತ ಹಳೆಯದು. ಮೆಲೀತೆಯವರ ಬೆಂಕಿಯೂ ಪೌಲನ ಪ್ರಸಂಗಕ್ಕಿಂತ ಮೊದಲಿನದು.

ಆ ಕಾಣಿಕೆ ಬೆಲೆ ತೀರಿಸುವ ಪ್ರಯತ್ನವಾಗಿದ್ದರೆ ಹಣ ಸಾಕಾಗಿತ್ತು. ಮಗನ ಬಾಯಿಗೆ ಆಹಾರವಿಟ್ಟ ಊರಿಗೆ ತಾಯಿ ಕಳುಹಿಸಿದ್ದು ರೊಟ್ಟಿ ಮುರಿಯುವ ತಟ್ಟೆಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ. ಆ ಮೇಜಿನಲ್ಲಿ ಓರಿಯೂ ಆತಿಥೇಯನಲ್ಲ, ಸ್ಟೀವನ್‌ಸನ್ ಕುಟುಂಬವೂ ಆತಿಥೇಯವಲ್ಲ. ಉಣಿಸುವವನು ಕರ್ತನೊಬ್ಬನೇ, ಉಳಿದವರೆಲ್ಲರೂ ಕೈಚಾಚಿ ತೆಗೆದುಕೊಳ್ಳುವವರು. ಕೃಪೆಯ ಸಿದ್ಧಾಂತವನ್ನು ಆಕೆ ಗ್ರಂಥವಾಗಿ ಬರೆಯಲಿಲ್ಲ. ಕುಟುಂಬದ ಬರಹಗಳಲ್ಲಿ ಒಡೆದುಹೋಗಿದ್ದುದು ಆ ಪಾತ್ರೆಗಳಲ್ಲಿ ಕೂಡಿಬಂತು.

ಯೇಸು ಸ್ವಾಮಿಯು ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಹೇಳಿ ಮುಗಿಸಿದ ಮೇಲೆ ಧರ್ಮೋಪದೇಶಕನ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾನೆ. ನನ್ನ ನೆರೆಯವನು ಯಾರು ಎಂದು ಅವನು ಕೇಳಿದ್ದನು; ದಾರಿಯಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರು ಎಂದು ಸ್ವಾಮಿಯು ಕೇಳಿದನು. ಉತ್ತರ ಕೊಡಬೇಕಾದರೆ ಬಿದ್ದವನ ಸ್ಥಳದಿಂದ ನೋಡಬೇಕು. ನಮ್ಮ ಪ್ರಸಂಗಗಳಲ್ಲಿ ಆ ಸ್ಥಳವು ಸಾಮಾನ್ಯವಾಗಿ ಖಾಲಿ ಇರುತ್ತದೆ. ನಾವು ಕತ್ತೆಯ ಪಕ್ಕದಲ್ಲಿ, ಎಣ್ಣೆ ದ್ರಾಕ್ಷಾರಸಗಳೊಡನೆ ನಿಂತುಕೊಳ್ಳಲು ಇಷ್ಟಪಡುತ್ತೇವೆ.

ನಮ್ಮ ವಿದ್ಯಾಲಯಗಳಲ್ಲಿ ಸಿದ್ಧರಾಗುವ ಸಭಾಪಾಲಕರು ರೋಗಿಗಳ ಸಂದರ್ಶನವನ್ನು ಕಲಿಯುತ್ತಾರೆ. ಹಾಸಿಗೆಯ ಬಳಿ ಏನು ಓದಬೇಕು, ಎಷ್ಟು ಹೊತ್ತು ಕೂಡಬೇಕು, ಹೇಗೆ ಪ್ರಾರ್ಥಿಸಬೇಕು ಎಂಬುದೆಲ್ಲ ಪಾಠದಲ್ಲಿದೆ. ಮುಂದೆ ಅವರಲ್ಲಿ ಅನೇಕರು ತಾವೇ ಹಾಸಿಗೆ ಹಿಡಿಯುವರು. ಆಗ ಅವರಿಗೆ ನೀರು ಕೊಡುವ ಕೈ ಸಭೆಯವರದೇ ಆಗಿರಬೇಕೆಂದಿಲ್ಲ. ಬೇರೆ ಮತದ ನೆರೆಮನೆಯವರದಾಗಿರಬಹುದು, ಕೆಲಸದವಳದಾಗಿರಬಹುದು, ಅವರು ತಮ್ಮ ಸೇವೆಯ ವರದಿಯಲ್ಲಿ ಸಹಾಯ ಪಡೆದವರೆಂದು ಎಣಿಸಿದ್ದ ಕುಟುಂಬದ್ದಾಗಿರಬಹುದು. ಗುಣವಾಗಿ ಎದ್ದು ಮತ್ತೆ ಪೀಠವೇರಿದಾಗ ಆ ಕೈಯ ಮಾತು ಪ್ರಸಂಗದೊಳಗೆ ಬರುವುದೋ, ಮನೆಯವರಿಗೆ ಬರೆದ ಕಾಗದದಲ್ಲಿಯೇ ಉಳಿಯುವುದೋ? ಅದಕ್ಕೆ ಬೋಧನೆಯೊಳಗೆ ಸ್ಥಳ ಮಾಡಿಕೊಡುವುದನ್ನು ಕಲಿಸುವ ಪಾಠ ನಮ್ಮಲ್ಲಿ ಇನ್ನೂ ಬರಬೇಕಾಗಿದೆ. ಅದಕ್ಕೆ ಮಾದರಿ ಬೇಕೆಂದರೆ ಮೆಲೀತೆಯ ಬೆಂಕಿಯನ್ನು ಬರೆಯಲು ಮರೆಯದ ಲೂಕನಿದ್ದಾನೆ.